ಭಾವನ ಸೈಲೆನ್ಸರ್

ಕೇಳಿ ಸ್ನೇಹಿತರೇ, ಟೆಕ್ಸಾಸಿನಿಂದ ಕ್ಯಾಲಿಫೋರ್ನಿಯಾದ ಬೆರ್ರಿಯೆಸಾದಲ್ಲಿರುವ ನಮ್ಮ ಮನೆಗೆ ಬಂದಿರುವ ಭಾವನ ಹತ್ತಿರ ಎರಡು ರೈಫಲ್‌ಗಳಿವೆ. ಒಂದರ ಗುಂಡು ಸಣ್ಣದು, ಇನ್ನೊಂದರದು ದಪ್ಪ. ಸದ್ದು ತಗ್ಗಿಸಲು ಯಾವ ಸೈಲೆನ್ಸರ್ ಕೊಳ್ಳಲಿ ಎಂದು ಬೆಳಿಗ್ಗೆಯಿಂದ ನಮ್ಮ ತಲೆ ತಿನ್ನುತ್ತಿದ್ದರು.

“ದಪ್ಪ ಗುಂಡಿನ ಅಳತೆದು ಒಂದೇ ತಗೊಳ್ಳಿ ಭಾವ, ಎರಡಕ್ಕೂ ಆಗತ್ತೆ. ಸಣ್ಣ ಅಳತೆದು ದಪ್ಪ ಗುಂಡಿನ ರೈಫಲ್ಲಿಗೆ ಹಾಕಿದ್ರೆ ಒಡೆದುಹೋಗತ್ತೆ,” ಎಂದೆ.

“ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಅದನ್ನ ಇಟ್ಕೊಳ್ಳೋ ಹಾಗೇ ಇಲ್ಲ. ನಿಂಗೇನಮ್ಮ ಗೊತ್ತು?” ಎಂದು ಭಾವ ತಮ್ಮೂರಿನ ಬಂದೂಕಿನ ಅಂಗಡಿಗೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಅಂಗಡಿಯವನು ಇಂಗ್ಲಿಷಿನಲ್ಲಿ ಹೇಳಿದ್ದೂ ನಾನು ಹೇಳಿದ್ದನ್ನೇ. ಭಾವ ಫೋನಿಟ್ಟು ನನಗೇ ಪಾಠ ಶುರು ಮಾಡಿದರು: “ನೋಡಮ್ಮ, ದಪ್ಪ ಗುಂಡಿನ ಅಳತೆದು ತಗೋಬೇಕು.”

“ಬಟ್ ಅಮ್ಮಾ, ಯು ಸೆಡ್ ದಟ್ ಫಸ್ಟ್,” ಎಂದಳು ಮಗಳು.

“ಹೇಳಿದ್ದೆ ಕಣೆ. ಕನ್ನಡದಲ್ಲಿ ಹೇಳಿದ್ದೆ.”