ಫೋಟೋ ಇಲ್ಲದ ತಿಮಿಂಗಿಲ

"ಗ್ಯಾರಂಟಿ ವೇಲ್, ಮೇಡಮ್! ಹಂಡ್ರೆಡ್ ಪರ್ಸೆಂಟ್!"

ಶ್ರೀಲಂಕಾದ ಟ್ರಿಂಕೋಮಲಿಯಲ್ಲಿ ಹಡಗಿನಿಂದ ಇಳಿದು ಕಾಲು ಇನ್ನೂ ನೆಟ್ಟಗಾಗಿರಲಿಲ್ಲ, ಆಗಲೇ ಬೋಟಿನವರು ಸುತ್ತುವರಿದಿದ್ದರು.

ಚೆನ್ನೈನಿಂದ ಹೊರಟ ಕ್ರೂಸ್ ಅದು. ಕಡೂರು, ತರೀಕೆರೆ, ಅಜ್ಜಂಪುರದ ಹಾಲಿ ಮತ್ತು ಮಾಜಿ ಮೇಷ್ಟ್ರುಗಳೆಲ್ಲ ಸೇರಿ ಬೇಸಿಗೆ ರಜೆಗೆ ಹೊರಟಿದ್ದೆವು. ಹಡಗು ಸಂಜೆಯವರೆಗೆ ನಿಲ್ಲುತ್ತದೆ, ಅಷ್ಟರೊಳಗೆ ತಿಮಿಂಗಿಲ ನೋಡಿ ಬರಬೇಕು.

ತಂಡದ ನಾಯಕರು ಅಜ್ಜಂಪುರದ ನಿವೃತ್ತ ಹೆಡ್‌ಮಾಸ್ಟರ್ ಸಿದ್ರಾಮಪ್ಪನವರು. ಅವರನ್ನು ಯಾರೂ ಆರಿಸಿರಲಿಲ್ಲ. ಸಾಲಾಗಿ ನಿಲ್ಲುವ ಅಭ್ಯಾಸ ನಮಗಿತ್ತು, ನಿಲ್ಲಿಸುವ ಅಭ್ಯಾಸ ಅವರಿಗಿತ್ತು, ಅಷ್ಟೇ.

ದಡದಲ್ಲಿದ್ದ ಅತಿ ದೊಡ್ಡ ಬೋಟನ್ನು ಅವರು ಆಗಲೇ ಎಲ್ಲರ ಪರವಾಗಿ ಆರಿಸಿಬಿಟ್ಟಿದ್ದರು. ಎರಡು ಅಂತಸ್ತು, ಸಿನಿಮಾ ಹಾಡು, ಊಟ... ಮೇಲೆ ಆ ಗ್ಯಾರಂಟಿ.

ನನಗೆ ಗುಮಾನಿ ಇದ್ದದ್ದೇ ಆ ಗ್ಯಾರಂಟಿಯ ಮೇಲೆ.

ಕಡೂರು ಬಸ್ ಸ್ಟ್ಯಾಂಡ್ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ಹೊರಟ್ತು, ಹೊರಟ್ತು" ಎಂದು ಎಷ್ಟು ಜೋರಾಗಿ ಕೂಗುತ್ತಾರೋ, ಆ ಬಸ್ಸು ಅಷ್ಟು ಹೊತ್ತು ಹೊರಡುವುದಿಲ್ಲ.

ನನ್ನ ಕಷ್ಟವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಯಗಟಿ ಕಡೆಯ ಶಾಲೆಯೊಂದರ ವಿಜ್ಞಾನದ ಟೀಚರ್. ಪ್ರತಿ ವರ್ಷ "ತಿಮಿಂಗಿಲ ಮೀನಲ್ಲ, ಸಸ್ತನಿ. ಅದು ಶ್ವಾಸಕೋಶದಿಂದ ಉಸಿರಾಡುತ್ತದೆ" ಎಂದು ಪರಮ ಗಂಭೀರವಾಗಿ ಬೋರ್ಡಿನ ಮೇಲೆ ಬರೆಯುತ್ತೇನೆ.

ಪ್ರತಿ ವರ್ಷ ಯಾವುದೋ ಮಗು ಎದ್ದು ನಿಂತು, "ಮಿಸ್, ನೀವ್ ನೋಡಿದೀರಾ?" ಎಂದು ಕೇಳುತ್ತದೆ. ಪ್ರತಿ ವರ್ಷ ನಾನು "ಕೂತ್ಕೊ" ಎನ್ನುತ್ತೇನೆ.

ಈ ವರ್ಷ ಮುಗಿದರೆ ರಿಟೈರ್‌ಮೆಂಟ್. ಒಂದೇ ಒಂದು ಸಲ ಆ ಪ್ರಶ್ನೆಗೆ "ಹೂಂ" ಅನ್ನಬೇಕಿತ್ತು.

ಜೊತೆಗೆ ನನ್ನ ಸಹೋದ್ಯೋಗಿ, ಗೆಳತಿ ಶಮೀಮ್ ಇದ್ದಳು. ಬೀರೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಮನೆಯಲ್ಲಿ ದಖನಿ, ಪಕ್ಕದ ಮನೆಯಿಂದ ತಮಿಳು ಕಲಿತವಳು. "ತಿಮಿಂಗಿಲ ಕಂಡ್ರೆ ಏನ್ ಮಾಡ್ತೀರಾ ಅಂತ ಈ ಬೋಟಿನವರನ್ನೆಲ್ಲ ತಮಿಳಲ್ಲಿ ಕೇಳೇ" ಎಂದೆ.

ಒಬ್ಬ, ಫುಲ್ ಸ್ಪೀಡಿನಲ್ಲಿ ಬೆನ್ನಟ್ಟುತ್ತೇವೆ ಎಂದ. ಇನ್ನೊಬ್ಬ, ಮುಂದೆ ಹೋಗಿ ಅಡ್ಡ ಹಾಕುತ್ತೇವೆ ಎಂದ.

ಕೊನೆಯಲ್ಲಿ ಒಬ್ಬ ಯಾರನ್ನೂ ಕರೆಯದೆ, ತನ್ನ ಸಣ್ಣ ದೋಣಿಯಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದ. ಅವನ ಉತ್ತರವನ್ನು ಶಮೀಮ್ ಕನ್ನಡಕ್ಕೆ ತಂದಳು: "ಎಂಜಿನ್ ಆಫ್ ಮಾಡಿ ಕೂರ್ತಾನಂತೆ. ಬಂದ್ರೆ ಬತ್ತದಂತೆ."

"ಬರದೇ ಇದ್ರೆ?"

"ಬರಲ್ವಂತೆ."

ನಾನು ಕುರಿ ಸಾಕುವ ಮನೆಯ ಮಗಳು. ಕುರಿಯ ಹಿಂದೆ ಓಡಿದರೆ ಕುರಿ ಸಿಗುವುದಿಲ್ಲ, ಏದುಸಿರು ಸಿಗುತ್ತದೆ. ಸುಮ್ಮನೆ ಕೂತರೆ ತಾನಾಗಿ ಬಂದು ಸೆರಗು ಮೂಸುತ್ತದೆ.

"ಇವನೇ" ಎಂದೆ.

ಸಿದ್ರಾಮಪ್ಪನವರು ದೊಡ್ಡ ಬೋಟಿನ ಮೆಟ್ಟಿಲಿಂದಲೇ ಕೂಗಿದರು. "ಏನ್ರೀ ಮೇಡಮ್, ಆ ಡಬ್ಬೀಲಿ ಹೋಯ್ತೀರಾ? ತಿಮಿಂಗಿಲ ನೋಡಕ್ಕೋ, ಅದ್ರ ತಿಂಡಿ ಆಗಕ್ಕೋ?"

"ಅದು ತಿನ್ನೋದು ಸಣ್ಣ ಸೀಗಡಿ ಸಾರ್" ಎಂದಳು ಶಮೀಮ್. "ಹೆಡ್‌ಮಾಸ್ಟರ್‌ಗಳನ್ನ ಮೂಸೂ ನೋಡಲ್ಲ."

"ಹಡಗು ತಪ್ಪೋದ್ರೆ ನಾನು ಜವಾಬ್ದಾರಿ ಅಲ್ಲ!"

"ಜವಾಬ್ದಾರಿ ನಂದೇ ಸಾರ್" ಎಂದೆ. ಇಡೀ ಸರ್ವೀಸಿನಲ್ಲಿ ಒಬ್ಬ ಹೆಡ್‌ಮಾಸ್ಟರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಇಷ್ಟು ಹಾಯೆನಿಸುತ್ತದೆಂದು ಗೊತ್ತಿದ್ದರೆ ಮೊದಲೇ ಶುರು ಮಾಡುತ್ತಿದ್ದೆ.

ನಡುಗಡಲಲ್ಲಿ ಎಂಜಿನ್ ನಿಂತಿತು.

ಆಮೇಲೆ... ಏನೂ ಇಲ್ಲ. ನೀರು, ಬಿಸಿಲು, ಮತ್ತೆ ನೀರು. ದೂರದಲ್ಲೊಂದು ಕಾರಂಜಿ ಎದ್ದಿತು. ಬೋಟುಗಳೆಲ್ಲ ಹೋ ಎಂದು ಅತ್ತ ನುಗ್ಗಿದವು, ತಿಮಿಂಗಿಲ ಮುಳುಗಿತು. ದೊಡ್ಡ ಬೋಟಿನ ಹಾಡು ನಮ್ಮವರೆಗೂ ಕೇಳುತ್ತಿತ್ತು.

ಶಮೀಮ್ ಎರಡು ಸಲ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಕೇಳಿದಳು. "ನಿನ್ ಕುರಿ ಎಲ್ಲೇ?"

ನಾನು ನೀರು ನೋಡುತ್ತಾ ಕೂತೆ. ಸ್ಟಾಫ್ ರೂಮಿನಲ್ಲಿ ವರ್ಷವಿಡೀ ಕೇಳಬೇಕಾದ ಮಾತುಗಳನ್ನೆಲ್ಲ ಅಲ್ಲೇ ಮುಂಗಡವಾಗಿ ಕೇಳಿಸಿಕೊಳ್ಳುತ್ತಿದ್ದೇನೆ. ದೋಣಿಯವನು ವಾಚ್ ನೋಡಿಕೊಳ್ಳುತ್ತಿದ್ದಾನೆ. ವಾಪಸ್ ಹೊರಡುವ ಹೊತ್ತು.

ಆಗ ಬೆನ್ನ ಹಿಂದೆ ಒಂದು ಉಸಿರು.

ಬಸ್ಸಿನ ಏರ್ ಬ್ರೇಕ್ ಬಿಟ್ಟ ಹಾಗೆ, ಬುಸ್ಸ್ಸ್... ತಿರುಗಿದರೆ, ನೀರಿನಿಂದ ಒಂದು ಬೆನ್ನು ಏಳುತ್ತಿದೆ. ಏಳುತ್ತಲೇ ಇದೆ. ಬೀರೂರು ಗೇಟಿನಲ್ಲಿ ಗೂಡ್ಸ್ ಗಾಡಿ ಹೋಗುವ ಹಾಗೆ, ಮುಗಿಯಿತು ಅಂದುಕೊಂಡರೆ ಇನ್ನೂ ಇದೆ!

ಶಮೀಮ್ "ಯಾ ಅಲ್ಲಾ" ಎಂದಳು. ನಾನು "ಅಮ್ಮಾ, ಅಂತರಘಟ್ಟಮ್ಮಾ" ಎಂದೆ. ದೋಣಿಯವನು ಬಾಯಿಯ ಮೇಲೆ ಬೆರಳಿಟ್ಟು ಇಬ್ಬರನ್ನೂ ಸುಮ್ಮನಿರಿಸಿದ.

ಅದರ ಉಸಿರಿನ ತುಂತುರು ಗಾಳಿಯಲ್ಲಿ ತೇಲಿ ಬಂದು ನಮ್ಮ ಮುಖಕ್ಕೆ ಬಿತ್ತು. ಹಳಸಿದ ಮೀನಿನ ಸಾರಿನ ವಾಸನೆ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ವಾಕ್ಯ ನನ್ನ ಕನ್ನಡಕದ ಮೇಲೆ ಹನಿಹನಿಯಾಗಿ ಕೂತಿತ್ತು.

ಫೋನು? ಬ್ಯಾಗಿನೊಳಗೆ, ಪ್ಲಾಸ್ಟಿಕ್ ಕವರಿನೊಳಗೆ, ಅತ್ಯಂತ ಸುರಕ್ಷಿತವಾಗಿತ್ತು.

ಹಡಗೇನೂ ತಪ್ಪಲಿಲ್ಲ. ಡೆಕ್ಕಿನ ಮೇಲೆ ಸಿದ್ರಾಮಪ್ಪನವರು ಕೈಯಲ್ಲಿ ವಿಡಿಯೋ ಹಿಡಿದು ಕಾಯುತ್ತಿದ್ದರು. ಅದರ ತುಂಬ ಜನರ ತಲೆಗಳು, ತಲೆಗಳಾಚೆ ಒಂದು ಕಪ್ಪು ಚುಕ್ಕೆ.

"ಎಲ್ರೀ ನಿಮ್ ಫೋಟೋ?"

"ಇಲ್ಲ ಸಾರ್."

"ಹಂಗಾರೆ ನೋಡಿಲ್ಲ. ಅಷ್ಟೇಯ."

ಅಂದಿನಿಂದ ನಮ್ಮ ಟೂರ್ ವಾಟ್ಸಾಪ್ ಗ್ರೂಪಿನಲ್ಲಿ ಇದು ಇತ್ಯರ್ಥವಾದ ವಿಷಯ. ದೊಡ್ಡ ಬೋಟಿನವರು ತಿಮಿಂಗಿಲ ನೋಡಿದರು, ನಾವಿಬ್ಬರು ಬಿಸಿಲು ನೋಡಿದೆವು. ನಾನು ಒಪ್ಪಿಲ್ಲ. ಒಪ್ಪುವುದೂ ಇಲ್ಲ.

ಮೊನ್ನೆ ಶಾಲೆಯಲ್ಲಿ ಆ ಪಾಠ ಬಂತು. ಬೋರ್ಡಿನ ಮೇಲೆ ಅದೇ ವಾಕ್ಯ ಬರೆದು, ಪ್ರಶ್ನೆಗಾಗಿ ಕಾದೆ. ಎರಡನೇ ಬೆಂಚಿನ ಹುಡುಗಿ ಎದ್ದಳು. "ಮಿಸ್, ನೀವ್ ನೋಡಿದೀರಾ?"

"ಹೂಂ. ಅದರ ಉಸಿರಿನ ವಾಸನೇನೂ ಗೊತ್ತು."

ಅವಳು ಕೂರಲಿಲ್ಲ. ಮತ್ತೆ ಕೇಳಿದಳು. "ಹೆಂಗಿತ್ತು ಮಿಸ್? ಟಗರಿನಂಗಾ?"

ಫೋಟೋ ತೋರಿಸಿ ಅಂತ ಒಂದು ಮಗುವೂ ಕೇಳಲಿಲ್ಲ.

ಸಿದ್ರಾಮಪ್ಪನವರೇ, ಇದನ್ನು ಓದುತ್ತೀರೆಂದು ಗೊತ್ತು... ನಿಮ್ಮಜ್ಜ-ಅಜ್ಜಿಯ ಮದುವೆಗೆ ಒಂದು ಫೋಟೋನೂ ಇಲ್ಲ ಅಂತ ಹಡಗಿನಲ್ಲಿ ನೀವೇ ಹೇಳಿದಿರಿ, ನಾವು ಯಾರಾದರೂ ಅನುಮಾನಪಟ್ಟೆವಾ?