ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದ ಬಸ್ ಸ್ಟಾಪು

ಮೊದಲ ಗುಡುಗು ಕೇಳಿದ ಕೂಡಲೇ ನಮ್ಮ ಕಡೆಯ ಹೆಂಗಸರು ಮಾಡುವ ಮೊದಲ ಕೆಲಸ ಪ್ಲಗ್ ಕೀಳುವುದು. ಅಂಗಳದಲ್ಲಿ ಒಣಹಾಕಿದ ಬಟ್ಟೆ ಆಮೇಲೆ. ಟಿ.ವಿ., ಫ್ರಿಜ್ಜು, ಮಿಕ್ಸಿ ಎಲ್ಲದರ ಬಾಲ ಕಿತ್ತು ನೆಲಕ್ಕೆ ಹಾಕಿದ ಮೇಲೆಯೇ ನನ್ನ ಅಮ್ಮನಿಗೆ ಉಸಿರು ಬರುವುದು. ಅಕ್ಟೋಬರ್ ನಡುವಿಗೆ ಶುರುವಾಗುವ ತುಲಾ ತಿಂಗಳಲ್ಲಂತೂ ದಿನಾ ಸಂಜೆ ಇದೇ ಪೂಜೆ. ನಾನು ಮನೆಯಲ್ಲಿ ಸರ್ವರ್ ಶುರುಮಾಡಿದ ಮೇಲೆ ಈ ಪೂಜೆಗೊಂದು ಮಂತ್ರವೂ ಸೇರಿತು. ಕಂಪ್ಯೂಟರಿನ ಪ್ಲಗ್ಗಿಗೆ ಕೈ ಹಾಕುವ ಮೊದಲು ಅಮ್ಮ ಕೇಳುತ್ತಿದ್ದಳು, "ಅವ ಒಳಗೆ ಇದ್ದಾನಾ?"

ಅವ ಎಂದರೆ ನನ್ನ ಗೆಳೆಯ. ಒಳಗೆ ಎಂದರೆ ಆಟದ ಒಳಗೆ.

ಆಟ ಮಕ್ಕಳದ್ದೇ. ಚೌಕ ಚೌಕ ಕಲ್ಲು ಅಗೆಯುವುದು, ಒಂದರ ಮೇಲೊಂದು ಇಟ್ಟು ಕಟ್ಟುವುದು. ಬೇರೆ ಬೇರೆ ಕಡೆ ಕೂತವರು ಒಂದೇ ಜಾಗದಲ್ಲಿ ಆಡಬೇಕಾದರೆ ಆ ಜಾಗ ಯಾರಾದರೊಬ್ಬರ ಕಂಪ್ಯೂಟರಿನಲ್ಲಿ ಇರಬೇಕು. ಅದಕ್ಕೇ ಸರ್ವರ್ ಎನ್ನುವುದು. ಅದು ಆನ್ ಇದ್ದರೆ ಊರು ಉಂಟು, ಆಫ್ ಆದರೆ ಊರಿಲ್ಲ, ಇಷ್ಟೇ ಸಂಗತಿ. ನಾನು ಕಾಸರಗೋಡಿನ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದ ಟೈಪು ಮಾಡುವವನು. ಅಲ್ಲಿ ಗುಜರಿಗೆ ಹಾಕಲು ಇಟ್ಟಿದ್ದ ಹಳೆಯ ಕಂಪ್ಯೂಟರನ್ನು ಬೈಕಿಗೆ ಕಟ್ಟಿ ತಂದು, ಚಾವಡಿಯ ಮೂಲೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಇಟ್ಟು, ಹಗಲೂ ರಾತ್ರಿ ಓಡಿಸಿದೆ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎಂದು ಅಮ್ಮ ಹೇಳಿದಳು. ಮಗನೂ ಇಲ್ಲದವನು ಇನ್ನೆಂತ ಕೆತ್ತುವುದು ಎಂದು ನಾನು ಹೇಳಿದೆ. ಮದುವೆಯ ಮಾತು ಬಂದರೆ ಅಮ್ಮ ಅಳುತ್ತಾಳೆ, ಹಾಗಾಗಿ ಆ ವಾದ ಅಲ್ಲಿಗೇ ಮುಗಿಯಿತು.

ಶುರುವಿನಲ್ಲಿ ಕನ್ನಡ ಮೀಡಿಯಂನಲ್ಲಿ ನಮ್ಮ ಜೊತೆ ಓದಿದವರು ಸುಮಾರು ಜನ ಬಂದರು. ಎರಡು ವಾರ ಹಂದಿ ಬೇಟೆಯಾಡಿದರು, ಒಬ್ಬನ ಮನೆಗೆ ಇನ್ನೊಬ್ಬ ಬೆಂಕಿ ಹಚ್ಚಿದ, ಬೈದುಕೊಂಡರು, ಹೋದರು. ಉಳಿದವನು ಅವನೊಬ್ಬನೇ. ಅವನು ಶಾರ್ಜಾದಲ್ಲಿ ಒಂದು ಗೋಡೌನಿನಲ್ಲಿ ಕೆಲಸಕ್ಕಿದ್ದ. ರಜೆಯ ದಿನ ಎರಡಂತಸ್ತಿನ ಮಂಚದ ಮೇಲಿನ ಅಂತಸ್ತಿನಲ್ಲಿ ಲ್ಯಾಪ್‌ಟಾಪು ಹೊಟ್ಟೆಯ ಮೇಲಿಟ್ಟು ಮಲಗಿ ಆಡುತ್ತಿದ್ದ.

ಅವನ ಮನೆ ಹೈವೇ ಬದಿಯಲ್ಲಿತ್ತು. ನಮ್ಮದು ಅದರ ಹಿಂದೆ, ಒಳದಾರಿಯಲ್ಲಿ. ರಸ್ತೆ ಅಗಲ ಮಾಡಲು ಸರ್ವೆಯವರು ಗುರುತಿನ ಕಲ್ಲು ಹಾಕಿ ಹೋದಾಗ ನಮ್ಮದು ಉಳಿಯಿತು, ಅವನದ್ದು ಹೋಯಿತು. ಮನೆ ಮಾತ್ರವಲ್ಲ, ಎದುರಿನ ಬಸ್ ಸ್ಟಾಪು, ಸೋಡಾ ಶರಬತ್ತಿನ ಗೂಡಂಗಡಿ, ನಾವು ಶಾಲೆಗೆ ಹೋಗುವಾಗ ಕಲ್ಲು ಹೊಡೆದು ಬೈಸಿಕೊಳ್ಳುತ್ತಿದ್ದ ಮಾವಿನಮರ, ಸಾಲಿಗೆ ಸಾಲೇ ಹೋಯಿತು. ಮನೆ ಕೆಡವುವ ಹೊತ್ತಿಗೆ ಅವನಿಗೆ ರಜೆ ಸಿಗಲಿಲ್ಲ. ಜೆಸಿಬಿ ಬಂದ ದಿನ ನಾನು ಫೋನಿನಲ್ಲಿ ವೀಡಿಯೊ ತೆಗೆದು ಕಳಿಸುತ್ತೇನೆ ಎಂದರೆ ಬೇಡ ಎಂದ. ಅವನ ತಾಯಿ, ನಮಗೆಲ್ಲ ಉಮ್ಮ, ಅಡೂರಿನ ಕಡೆ ಹಿರಿಮಗನ ಹೊಸ ಮನೆಗೆ ಹೋದರು. ಅಲ್ಲಿ ಬಸ್ಸಿನ ಸದ್ದೇ ಇಲ್ಲ, ನಿದ್ರೆ ಬರುವುದಿಲ್ಲ ಎಂದು ನನ್ನ ಅಮ್ಮನಿಗೆ ಫೋನು ಮಾಡಿ ಹೇಳುತ್ತಿದ್ದರು.

ಅದಾದ ಮೇಲೆ ಒಂದು ದಿನ ಆಟದೊಳಗೆ ಅವನು ಕೇಳಿದ್ದು ನನಗೆ ಇನ್ನೂ ನೆನಪಿದೆ. ಅಲ್ಲಿಂದ ಕರೆ ಸರಿಯಾಗಿ ಸಿಗದ ಕಾರಣ ನಾವು ಮಾತಾಡುವುದೆಲ್ಲ ಟೈಪು ಮಾಡಿಯೇ.

"ಊರಿಗೆ ಬಂದ್ರೆ ನಾನು ಎಲ್ಲಿ ಇಳಿಯುವುದು ಮಾರಾಯ?"

ಆಟದಲ್ಲಿ ಒಳಗೆ ಬಂದವರು ಮೊದಲು ಕಾಣಿಸಿಕೊಳ್ಳುವುದು ಎಲ್ಲಿ ಎಂದು ಸರ್ವರ್ ನಡೆಸುವವನು ನಿಗದಿ ಮಾಡಬಹುದು. ಮರುದಿನ ಅಲ್ಲೊಂದು ಬಸ್ ಸ್ಟಾಪು ಕಟ್ಟಿದೆ. ಸಿಮೆಂಟಿನ ಬೆಂಚು, ಹಿಂದಿನ ಗೋಡೆ, ಮೇಲೆ ಶೀಟು. ಮುಂದಿನ ಸಲ ಅವನು ಬಂದದ್ದು ನೇರ ಆ ಬೆಂಚಿನ ಎದುರಿಗೆ. ತುಂಬಾ ಹೊತ್ತು ಅಲ್ಲಾಡಲಿಲ್ಲ. ನೆಟ್ ಹೋಯಿತು ಎಂದುಕೊಂಡೆ. ಆಮೇಲೆ, ಬೆಂಚು ಇನ್ನೂ ಸ್ವಲ್ಪ ಆಚೆಗಿತ್ತು ಎಂದು ಟೈಪು ಮಾಡಿದ.

ಹಾಗೆ ಶುರುವಾಯಿತು. ಇಡೀ ಸಾಲನ್ನು ಕಟ್ಟುವುದು ಎಂದಾಯಿತು. ಇದೊಂದು ಮುಗಿಯಲಿ, ಮುಗಿದದ್ದೇ ನಾನು ಊರಿಗೆ ಬರುತ್ತೇನೆ, ಎರಡನ್ನೂ ಹೋಲಿಸಿ ನೋಡಬೇಕು ಎಂದ. ಬೇರೆಯವರು ಹೇಳಿದ್ದರೆ ನಗುತ್ತಿದ್ದೆ. ಆದರೆ ಅವನು ಊರಿಗೆ ಬರುತ್ತೇನೆ ಎಂದು ಹೇಳಿ ವರ್ಷಗಳಾಗಿದ್ದವು. ಬಾಡಿಗೆಗೆ ಹೊರದೇಶದ ಸರ್ವರ್ ಸಿಗುತ್ತದೆ, ಗುಡುಗು ಮಿಂಚಿನ ತಲೆನೋವಿಲ್ಲ ಎಂದು ನಾನು ಒಮ್ಮೆ ಹೇಳಿದ್ದೆ. ಅವನು ಒಪ್ಪಲಿಲ್ಲ. "ನಾನೇ ಹೊರದೇಶದಲ್ಲಿ ಇದ್ದೇನೆ. ಊರಾದರೂ ಊರಲ್ಲಿ ಇರಲಿ" ಎಂದ. ನನಗೂ ಅದೇ ಸರಿ ಎಂದು ತೋರಿತು. ಇಬ್ಬರೂ ಸೇರಿ ಪೆದ್ದರಾದದ್ದು ಅಲ್ಲಿ.

ಕಟ್ಟಲು ಕೂತಾಗ ಗೊತ್ತಾಯಿತು, ನಮಗಿಬ್ಬರಿಗೂ ಆ ಜಾಗ ಸರಿಯಾಗಿ ಗೊತ್ತೇ ಇಲ್ಲ. ಫೋಟೋ ಹುಡುಕಿದರೆ ಎಲ್ಲದರಲ್ಲೂ ನಾವೇ ಹಲ್ಲು ಕಿರಿದು ಮನೆಗೆ ಅಡ್ಡ ನಿಂತಿದ್ದೇವೆ. ಬಾಗಿಲು ಎಲ್ಲಿ, ಕಿಟಕಿ ಎಷ್ಟು ಎತ್ತರ, ಒಂದೂ ಕಾಣುವುದಿಲ್ಲ. ಕೊನೆಗೆ ದಾರಿ ತೋರಿಸಿದವರು ಉಮ್ಮ. ಅವರು ಆಟ ನೋಡಿದವರಲ್ಲ, ನೋಡಲು ಕೇಳಿದವರೂ ಅಲ್ಲ. ನಾನು ಫೋನು ಮಾಡಿದರೆ ಕಣ್ಣು ಮುಚ್ಚಿಕೊಂಡು ಮನೆಯೊಳಗೆ ನಡೆದ ಹಾಗೆ ಹೇಳುತ್ತಿದ್ದರು: ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಬಸ್ಸಿನ ಮುಖ ಮಾತ್ರ ಕಾಣಬೇಕು, ಹಿಂಬದಿ ಕಾಣಬಾರದು. ಅದು ಕಂಡರೆ ಕಿಟಕಿ ತಪ್ಪಿದೆ ಎಂದು ಅರ್ಥ. ನಾನು ಆಟದೊಳಗೆ ಅಡುಗೆಮನೆಯಲ್ಲಿ ನಿಂತು ನೋಡಿದೆ. ಇಡೀ ಬಸ್ ಸ್ಟಾಪು ಕಾಣುತ್ತಿತ್ತು. ಗೋಡೆ ಒಡೆದು ಮತ್ತೆ ಕಟ್ಟಿದೆ. ಬಾವಿಕಟ್ಟೆ ಆಯಿತು ಎಂದರೆ, ಒಗೆಯುವ ಕಲ್ಲು ಇಲ್ಲದ ಬಾವಿ ಎಂತದ್ದಕ್ಕೆ ಎಂದರು. ಅದೂ ಆಯಿತು. ಕೆಂಪುಕಲ್ಲಿನ ಗೋಡೆಗೆ ಆಟದಲ್ಲಿದ್ದ ಸುಟ್ಟಮಣ್ಣಿನ ಚೌಕ ಚೆನ್ನಾಗಿಯೇ ಒಪ್ಪಿತು. ಎರಡು ಮಳೆಗಾಲ ಹೀಗೆ ಕಳೆಯಿತು. ನನ್ನ ಜೀವನದಲ್ಲಿ ನಾನು ಇಷ್ಟು ಶ್ರದ್ಧೆಯಿಂದ ಬೇರೆ ಏನನ್ನೂ ಮಾಡಿಲ್ಲ, ಹೇಳಿಕೊಳ್ಳಲು ನಾಚಿಕೆಯಾದರೂ ನಿಜ.

ಕೊನೆಗೆ ಬಾಕಿ ಉಳಿದದ್ದು ಬಾವಿಯ ಪಕ್ಕದ ಮದರಂಗಿ ಗಿಡ. ಸಾಲಿನ ಮದುವೆಗಳಿಗೆಲ್ಲ ಸೊಪ್ಪು ಅಲ್ಲಿಂದಲೇ ಹೋಗುತ್ತಿದ್ದದ್ದು. ಅದನ್ನು ತಾನೇ ನೆಡುತ್ತೇನೆ, ನೀನು ಮುಟ್ಟಬೇಡ ಎಂದಿದ್ದ. ತುಲಾ ತಿಂಗಳ ಒಂದು ಮಧ್ಯಾಹ್ನ, ಅವನ ರಜೆಯ ದಿನ, ನೆಡಲು ಕೂತ. ಒಂದು ಕಡೆ ಎಲೆ ಇಡುವುದು, ದೂರ ನಿಂತು ನೋಡುವುದು, ತೆಗೆಯುವುದು. ಪೂರ್ವದ ಗುಡ್ಡದ ಕಡೆ ಗುಡುಗಿತು. ಅಮ್ಮ ಬಂದು ಪ್ಲಗ್ಗಿನ ಹತ್ತಿರ ನಿಂತಳು.

"ಅವ ಒಳಗೆ ಇದ್ದಾನಾ?"

ಇದ್ದಾನೆ, ಈಗ ಹೋಗುತ್ತಾನೆ ಎಂದೆ. ಅವನಿಗೂ ಗುಡುಗಿನ ವಿಷಯ ಬರೆದೆ. ಅವನು ಹಟ ಮಾಡಲಿಲ್ಲ. ಊರಿನ ಗುಡುಗು ಅವನಿಗೆ ಗೊತ್ತಿಲ್ಲದ್ದಲ್ಲ. "ಸರಿ, ಮಳೆ ಬಿಟ್ಟ ಮೇಲೆ ಬರ್ತೇನೆ" ಎಂದು ಬರೆದು ಹೊರಗೆ ಹೋದ. ನಾನು ಸರ್ವರನ್ನು ಕ್ರಮದಲ್ಲಿ ನಿಲ್ಲಿಸಿದೆ, ಕಂಪ್ಯೂಟರ್ ಆಫ್ ಮಾಡಿದೆ, ಅಮ್ಮ ಪ್ಲಗ್ ಕಿತ್ತಳು. ಮಾಡಬೇಕಾದ್ದನ್ನೆಲ್ಲ ಮಾಡಿದೆವು.

ಮಾಡದೆ ಬಿಟ್ಟದ್ದು ಒಂದೇ, ನಮ್ಮ ಕಡೆ ಎಲ್ಲರೂ ಬಿಡುವಂಥದ್ದು. ನೆಟ್ಟಿನ ವಯರು. ಅದು ಗಾಜಿನ ನೂಲು, ಅದರಲ್ಲಿ ಕರೆಂಟು ಬರುವುದಿಲ್ಲ ಎಂದು ಎಳೆದುಕೊಟ್ಟವನು ಹೇಳಿದ್ದ. ಮಾತು ಸುಳ್ಳಲ್ಲ. ಆದರೆ ಆ ನೂಲು ಜೋತು ಬೀಳದ ಹಾಗೆ ಅದರ ಜೊತೆ ಒಂದು ಉಕ್ಕಿನ ತಂತಿ ಬರುತ್ತದೆ. ನಮ್ಮದು ತೆಂಗಿನಮರದಿಂದ ಇಳಿದು ಕಿಟಕಿಯ ಸರಳಿಗೆ ಸುತ್ತಿಕೊಂಡಿತ್ತು, ಅದೇ ಸರಳಿಗೆ ಮೋಡೆಮ್ಮನ್ನೂ ಕಟ್ಟಿದ್ದರು. ಮೋಡೆಮ್ಮಿನಿಂದ ಕಂಪ್ಯೂಟರಿಗೆ ಬರುವ ಕೇಬಲ್ಲಿನ ಕ್ಲಿಪ್ಪು ಮುರಿದಿತ್ತು. ಒಮ್ಮೆ ತೆಗೆದರೆ ಮತ್ತೆ ಕೂರಿಸಲು ಅರ್ಧ ಗಂಟೆ ಒದ್ದಾಡಬೇಕು, ಹಾಗಾಗಿ ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಸಿಡಿಲು ತೆಂಗಿನಮರಕ್ಕೆ ಬಡಿಯಿತು. ಚಾವಡಿಯಲ್ಲಿ ತೆಂಗಿನಕಾಯಿ ಒಡೆದಂಥ ಒಂದು ಸದ್ದು, ಆಮೇಲೆ ಸುಟ್ಟ ವಾಸನೆ. ಪ್ಲಗ್ಗುಗಳೆಲ್ಲ ನೆಲದ ಮೇಲೆ ಸಾಲಾಗಿ ಬಿದ್ದಿದ್ದವು.

ಊರಿನ ನಕಲು ಬೇರೆ ಕಡೆ ಇರಲಿಲ್ಲವೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಇತ್ತು ಸ್ವಾಮಿ, ಪೆನ್‌ಡ್ರೈವಿನಲ್ಲಿತ್ತು. ದಿನಾ ನಕಲಾಗಲಿ ಎಂದು ಆ ಪೆನ್‌ಡ್ರೈವನ್ನು ಅದೇ ಕಂಪ್ಯೂಟರಿನ ಹಿಂದೆ ಖಾಯಂ ಚುಚ್ಚಿಟ್ಟಿದ್ದೆ. ಎರಡನ್ನೂ ಮಂಗಳೂರಿಗೆ ಒಯ್ದೆ. ಬಿಚ್ಚಿ ನೋಡಿದವರು ಒಳಗಿನ ಕರಿಯನ್ನು ನನಗೂ ತೋರಿಸಿ, ಏನೂ ಸಿಗುವುದಿಲ್ಲ ಎಂದು ವಾಪಸು ಕೊಟ್ಟರು. ಸಿಡಿಲು ತಡೆಯುವ ಪೆಟ್ಟಿಗೆಯೊಂದನ್ನು ಬರುವಾಗ ತಂದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ವಂಶದಲ್ಲೇ ಬಂದದ್ದು.

ಎರಡು ದಿನ ಅವನಿಗೆ ಕರೆಂಟು ಬಂದಿಲ್ಲ ಎಂದು ಹೇಳಿದೆ. ಮೂರನೆಯ ದಿನ ಇದ್ದದ್ದು ಹೇಳಿದೆ.

"ಪೂರಾ?"

"ಪೂರಾ."

ಪರವಾಗಿಲ್ಲ, ಅದು ಆಟವಲ್ಲವಾ ಎಂದು ಬರೆದ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಉಮ್ಮನಿಗೆ ನಾನೇ ಫೋನು ಮಾಡಿ ತಿಳಿಸಿದೆ. ಆಟ ಸುಟ್ಟುಹೋಯಿತು ಎಂದದ್ದು ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ಈ ಸಲವೂ ಅವನಿಗೆ ನೋಡ್ಲಿಕ್ಕೆ ಸಿಗ್ಲಿಲ್ಲ ಅಲ್ವಾ ಮಗಾ" ಎಂದರು. ನನಗೆ ದುಃಖ ತಡೆಯಲಾಗಲಿಲ್ಲ, ಫೋನು ಅಮ್ಮನ ಕೈಗೆ ಕೊಟ್ಟುಬಿಟ್ಟೆ.

ಮುಂದಿನ ಬೇಸಗೆಯಲ್ಲಿ ಅವನು ಬಂದ. ಉಮ್ಮನಿಗೆ ಹುಷಾರಿಲ್ಲ ಎಂದು ಬಂದದ್ದು, ಹೋಲಿಸಿ ನೋಡಲು ಅಲ್ಲ. ಸ್ಟೇಷನ್ನಿನಿಂದ ನಾನೇ ಬೈಕಿನಲ್ಲಿ ಕರೆತಂದೆ. ಅಡೂರಿಗೆ ಹೋಗುವ ಮೊದಲು ಒಮ್ಮೆ ಇಲ್ಲಿ ನಿಲ್ಲಿಸು ಎಂದ. ಸರ್ವೀಸ್ ರೋಡಿನಲ್ಲಿ ನಿಂತೆವು. ಎದುರಿಗೆ ಸಿಮೆಂಟಿನ ಎತ್ತರದ ಗೋಡೆ, ಅದರ ಮೇಲೆ ಕಾಣದ ರಸ್ತೆ, ಕಾಣದ ಗಾಡಿಗಳ ಸದ್ದು. ಬಾವಿ ಎಲ್ಲಿತ್ತು ಎಂದು ಕೇಳಿದ. ಎರಡನೆಯ ದೀಪದ ಕಂಬದ ಕೆಳಗೆ ಎಂದೆ. ಅಲ್ಲ, ಇನ್ನೂ ಈಚೆ ಎಂದ. ಆಚೆ, ಈಚೆ ಎಂದು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ವಾದ ಮಾಡಿದೆವು. ಒಂದು ಚೌಕ ಹೆಚ್ಚಿಲ್ಲ, ಒಂದು ಚೌಕ ಕಡಿಮೆಯಿಲ್ಲ ಎಂದು ಅಳೆದಿಟ್ಟದ್ದು ಕಂಪ್ಯೂಟರಿನಲ್ಲಿ ಮಾತ್ರ. ನಮ್ಮ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಹೋಗುವಾ ಎಂದು ಅವನೇ ಬೈಕು ಹತ್ತಿದ.

ಉಮ್ಮ ಆ ತಿಂಗಳು ತೀರಿಕೊಂಡರು. ಅವನು ಶಾರ್ಜಾಕ್ಕೆ ಮರಳಿದ. ಕೇಳಿ ತಿಳಿಯಲು ಇದ್ದ ಒಂದು ಬಾಯಿಯೂ ಹೋಯಿತು.

ನಾನು ಸುಮ್ಮನಿರಬೇಕಿತ್ತು. ಪ್ರೆಸ್ಸಿನಿಂದ ಇನ್ನೊಂದು ಗುಜರಿ ತಂದು, ಹೊಸ ಸರ್ವರ್ ಹಾಕಿ, ಬಯಲಿನ ನಡುವೆ ಬಸ್ ಸ್ಟಾಪು ಒಂದನ್ನೇ ಕಟ್ಟಿ ಅವನಿಗೆ ಹೇಳಿ ಕಳಿಸಿದೆ. ಬಂದ. ಬೆಂಚಿನ ಎದುರು ನಿಂತ. ಈ ಸಲ ಬೆಂಚು ಆಚೆಗಿತ್ತು, ಈಚೆಗಿತ್ತು ಎಂದು ಏನೂ ಹೇಳಲಿಲ್ಲ. ಒಂದು ಸುತ್ತು ತಿರುಗಿ ನೋಡಿದ. ಎಲ್ಲಾ ಕಡೆ ಹುಲ್ಲು. ಚೆನ್ನಾಗಿ ಉಂಟು ಎಂದು ಬರೆದು ಹೊರಗೆ ಹೋದ. ಆಮೇಲೆ ಬರಲಿಲ್ಲ. ನಾನೂ ಕರೆಯಲಿಲ್ಲ, ಸರ್ವರನ್ನು ಆಫ್ ಮಾಡಲೂ ಇಲ್ಲ.

ಮತ್ತೆ ತುಲಾ ತಿಂಗಳು ಬಂತು. ನಿನ್ನೆ ಸಂಜೆ ಪ್ರೆಸ್ಸಿನಿಂದ ಬಂದು ಚಹಾ ಕುಡಿಯುತ್ತಿದ್ದೆ. ಗುಡ್ಡದ ಕಡೆ ಗುಡುಗಿತು. ಅಮ್ಮ ಟಿ.ವಿ. ಕಿತ್ತಳು, ಫ್ರಿಜ್ಜು ಕಿತ್ತಳು. ಕಂಪ್ಯೂಟರಿನ ಪ್ಲಗ್ಗಿಗೆ ಕೈ ಹಾಕಿ ನನ್ನ ಮುಖ ನೋಡಿದಳು.

"ಅವ ಒಳಗೆ ಇದ್ದಾನಾ?"

"ಯಾರೂ ಇಲ್ಲ ಅಮ್ಮ, ತೆಗಿ" ಎಂದೆ.