ಅಜ್ಜಿಯ ದಿಂಬಿನೊಳಗಿನ ಕೊಡತಿ

ಹಳೇ ಹತ್ತಿಯ ವಾಸನೆ ನಿಮಗೂ ಗೊತ್ತಿರಬೇಕು, ಬಿಸಿಲು, ತಲೆಗೆಣ್ಣೆ, ಒಂದಿಷ್ಟು ಧೂಳು. ಅಜ್ಜಿ ತೀರಿಕೊಂಡ ಮೇಲೆ ರಾಣೇಬೆನ್ನೂರಿನ ಮನೆಯಲ್ಲಿ ಅವಳ ದಿಂಬಿನ ಹೊಲಿಗೆ ಬಿಚ್ಚಿದಾಗ ಆ ವಾಸನೆ ಮುಖಕ್ಕೆ ಬಡಿಯಿತು, ಹಿಂದೆಯೇ ಅಜ್ಜನ ಮರದ ಕೊಡತಿ ನೆಲಕ್ಕೆ ಬಿತ್ತು. ನಾವು ಪಿಂಜಾರರು, ಹತ್ತಿ ಹಿಂಜುವವರು. ಅಜ್ಜ ಆಳೆತ್ತರದ ಬಿಲ್ಲು ಹೊತ್ತು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ಮನೆಗೆ ಗಾದಿ ಕೆಲಸಕ್ಕೆ ಹೊರಟರೆ ನಾನೂ ಹಿಂದೆಯೇ. ಬಿಲ್ಲಿನ ನರಕ್ಕೆ ಕೊಡತಿಯಿಂದ ಹೊಡೆದರೆ ಟಂಯ್ ಎಂದು ಪಡಸಾಲೆಯೆಲ್ಲ ಗುಂಯ್‌ಗುಡುತ್ತಿತ್ತು, ಗಂಟುಗಟ್ಟಿದ ಹತ್ತಿ ನೊರೆಯಂತೆ ಹಾರುತ್ತಿತ್ತು, ಮೆಣಸಿನಕಾಯಿ ಘಾಟಿಗೆ ಇಬ್ಬರೂ ಸೀನುತ್ತಿದ್ದೆವು. ಬಿಗಿದೇ ಇಟ್ಟರೆ ಮರ ಬಾಗುತ್ತದೆಂದು ಸಂಜೆ ಅಜ್ಜ ನರ ಸಡಿಲಿಸುತ್ತಿದ್ದ. "ಅದಕ್ಕೂ ದಣಿವಾಗಿರತೈತಿ, ಬೇಟಿ," ಎನ್ನುತ್ತಿದ್ದ.

ಅಜ್ಜಿ ಯಾರನ್ನೂ ನಂಬಿದವಳಲ್ಲ. ಹಾಲಿನವಳ ಎದುರೇ ಹಾಲಿಗೆ ಬೆರಳದ್ದಿ ನೋಡುವವಳು. ಅಜ್ಜ ಹೋದ ಮೇಲೆ, ಹಾವೇರಿ ಹತ್ತಿರ ಹಳ್ಳಿಯ ಹಳೆ ವಸ್ತುಗಳಿಗೆಂದು ಸಂಗ್ರಹಾಲಯ ಕಟ್ಟುತ್ತಿದ್ದವರು ಬಂದು ಬಿಲ್ಲು ಕೇಳಿದರು. ಅಷ್ಟರಲ್ಲಿ ಗಾದಿಗಳು ಅಂಗಡಿಯಿಂದ ಬರತೊಡಗಿದ್ದವು. ಓಣಿಯಲ್ಲಿ ಮನೆಗೊಂದಿದ್ದ ಬಿಲ್ಲುಗಳು ಒಲೆ ಸೇರಿದ್ದವು, ನಮ್ಮವರು ಒಬ್ಬೊಬ್ಬರೇ ಊರು ಬಿಟ್ಟಿದ್ದರು.

"ಮಂದಿ ಇದ್ದಾಗ ಯಾರೂ ಕೇಳಲಿಲ್ರಿ. ಈಗ ಬಿಲ್ಲಿಗೆ ಮನಿ ಕಟ್ಟಾಕತ್ತೀರೇನು?" ಎಂದಳು ಅಜ್ಜಿ. ಅಂತೂ ಬಿಲ್ಲು ಕೊಟ್ಟಳು. ಕೊಡತಿ ಕೇಳಿದರೆ, "ಕಳದೈತ್ರಿ" ಎಂದುಬಿಟ್ಟಳು. ನಾವೂ ನಂಬಿದ್ದೆವು.

ಅವಳ ಅನುಮಾನ ನನಗೂ ಬಂದಿದೆ. ಕೊಡತಿಯನ್ನು ಚೀಲದಲ್ಲಿ ಹಾಕಿಕೊಂಡು, ಬಿಲ್ಲು ಮಾರಿಕೊಂಡಿದ್ದಾರೋ ಏನೋ ಎನ್ನುತ್ತಲೇ ಸಂಗ್ರಹಾಲಯಕ್ಕೆ ಹೋದೆ. ಬಿಲ್ಲು ಅಲ್ಲೇ ಇತ್ತು, ಪಿಂಜಾರನ ಸಿಮೆಂಟಿನ ಪ್ರತಿಮೆಯೊಂದರ ಕೈಯಲ್ಲಿ, ಹಿಡಿಕೆಗೆ ಅಜ್ಜಿ ಸುತ್ತಿದ ಹಸಿರು ಸೀರೆಯ ಚಿಂದಿ ಸಮೇತ. ಆದರೆ ಅದರ ಇನ್ನೊಂದು ಕೈಯಲ್ಲಿ ಕೊಡತಿಯ ಬದಲು ಒನಕೆಯ ತುಂಡು! ನರವನ್ನು ಬಿಗಿದೇ ಇಟ್ಟಿದ್ದರು. ನನಗೆ ಸಿಟ್ಟು ಬಂತು, ಸಡಿಲಿಸಲು ಕೈ ಚಾಚಿದೆ.

"ಮುಟ್ಟಬ್ಯಾಡ್ರಿ ಅಕ್ಕಾರ," ಎಂದ ಕಸ ಗುಡಿಸುತ್ತಿದ್ದ ಕಾವಲುಗಾರ.

"ನಮ್ಮಜ್ಜಂದ್ರಿ ಇದು."

"ಎಲ್ಲಾರೂ ಹಂಗ ಅಂತಾರ್ರಿ."

ಕೊಡತಿ ತೆಗೆದು ನರಕ್ಕೆ ಹೊಡೆದೆ. ಟಂಯ್! ಅವನ ಕಸಬರಿಗೆ ನಿಂತಿತು. "ದಿನಾ ಧೂಳು ಒರಸ್ತೇನ್ರಿ, ಇದಕ್ಕ ದನಿ ಐತಿ ಅಂತ ಗೊತ್ತಿರಲಿಲ್ಲ," ಎಂದ. ಕೊಡತಿ ಇಲ್ಲೇ ಬಿಡಿ, ಬಂದವರಿಗೆ ಕೇಳಿಸುತ್ತೇನೆ ಎಂದ. ಸಂಜೆ ನರ ಸಡಿಲಿಸುವುದನ್ನು ಅವನಿಗೆ ಕಲಿಸಿ, ಒಲ್ಲದ ಮನಸ್ಸಿನಿಂದಲೇ ಕೊಟ್ಟು ಬಂದೆ.

ತಿಂಗಳು ಕಳೆದ ಮೇಲೆ, ಬಾಗಿಲು ಹಾಕುವ ಹೊತ್ತು ನೋಡಿಕೊಂಡು, ಹೇಳದೆ ಕೇಳದೆ ಹೋದೆ. ಸಿಮೆಂಟಿನ ಕೈಯಲ್ಲಿ ಮತ್ತದೇ ಒನಕೆ ತುಂಡು. ಕಾವಲುಗಾರನನ್ನು ಹುಡುಕಿ ಕೇಳಿದೆ, "ಕೊಡತಿ ಎಲ್ರಿ?"

ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಯಾರನ್ನ ನಂಬೂದ್ರಿ ಅಕ್ಕಾರ? ಬಾರಿಸಿ ಮುಗದ ಕೂಡ್ಲೇ ನನ್ನ ಖೋಲ್ಯಾಗ ದಿಂಬಿನ ಬುಡಕ ಇಡ್ತೇನಿ."

ಅಜ್ಜಿ ಇದ್ದಿದ್ದರೆ ಅವನನ್ನೂ ನಂಬುತ್ತಿರಲಿಲ್ಲ. ನಾನು ಬಿಲ್ಲಿನ ಕಡೆ ತಿರುಗಿದೆ. ನರ ಸಡಿಲಾಗಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ.